ಸೊಪ್ಪಿನ ಮರ ಬೇರೆ, ಸೌದೆ ಮರ ಬೇರೆ

ಓದುಗರ ಪ್ರಶ್ನೆ: ನಮ್ಮದು ಎರಡೂವರೆ ಎಕರೆ. ಮನೆಯಲ್ಲಿ ಐದು ಜನ. ಎರಡು ಹಸು, ಎಂಟು ಮೇಕೆ, ಹತ್ತು ಹನ್ನೆರಡು ಕೋಳಿ ಇವೆ. ಸೌದೆಗೂ ಆಯ್ತು, ಮೇಕೆಗೆ ಸೊಪ್ಪೂ ಆಯ್ತು ಎಂದು ಕಳೆದ ಮಳೆಗಾಲದಲ್ಲಿ 140 ಸುಬಾಬುಲ್, 60 ಸರ್ವೆ ಸಸಿ ನೆಟ್ಟೆವು. ಎಂಟು ತಿಂಗಳಿಗೆ ಆಳೆತ್ತರ ದಾಟಿದವು. ಇನ್ನು ಮೇಕೆ ಬಾಯಿಗೆ ಎಟುಕುವುದಿಲ್ಲ ಎಂದುಕೊಂಡು ಒಳಗೆ ಬಿಟ್ಟೆವು. ಎರಡೇ ದಿನದಲ್ಲಿ 80 ಗಿಡಗಳ ತೊಗಟೆ ಸುಲಿದು ಹಾಕಿವೆ. ಈಗ ಅವು ಒಂದೊಂದಾಗಿ ಬಾಡುತ್ತಿವೆ. ಮೇಕೆ ಸಾಕುವವರು ಮರದ ಆಸೆ ಬಿಡಬೇಕು ಎನ್ನುತ್ತಾರೆ ಒಬ್ಬರು. ನೀಲಗಿರಿ ಹಾಕಿ, ಯಾವ ಪ್ರಾಣಿಯೂ ಮುಟ್ಟಲ್ಲ ಎನ್ನುತ್ತಾರೆ ಇನ್ನೊಬ್ಬರು. ಸುಬಾಬುಲ್ ತಿಂದರೆ ಮೇಕೆಯ ಕೂದಲು ಉದುರುತ್ತದಂತೆ, ನಿಜವಾ? ಹಸುವಿನ ಸಗಣಿಯಿಂದ ಬೆರಣಿ ತಟ್ಟಿಕೊಂಡರೆ ಸೌದೆಯೇ ಬೇಡ ಅಂತಲೂ ಹೇಳುತ್ತಾರೆ. ಈ ಜಾಗದಲ್ಲಿ ಪ್ರಾಣಿಗೂ ಒಲೆಗೂ ಆಗುವಷ್ಟು ಬೆಳೆಯಲು ಸಾಧ್ಯವಾ? ಎಷ್ಟು ಮರ ಬೇಕು? ಇನ್ನೂ ನಾಲ್ಕು ಮೇಕೆ ತರುವ ಯೋಚನೆ ಇದೆ. ತರಬಹುದಾ?

ಉತ್ತರ: ಉಳಿದ ಮಾತು ಆಮೇಲೆ. ಮೊದಲು, ಆ 80 ಗಿಡಗಳನ್ನು ಕೀಳಬೇಡಿ. ಇವತ್ತೇ ತೋಟಕ್ಕೆ ಒಂದು ಸುತ್ತು ಹೋಗಿ. ಸುಬಾಬುಲ್ ಗಿಡದಲ್ಲಿ ತೊಗಟೆ ಹೋದ ಜಾಗದ ಕೆಳಗೆ, ನೆಲಕ್ಕೆ ಹತ್ತಿರ, ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಾಗಿ, ಒದ್ದೆಯಾಗಿ ಕಂಡರೆ ಬೇರು ಬದುಕಿದೆ ಎಂದರ್ಥ. ಅಂಥ ಗಿಡವನ್ನು ಗಾಯದ ಕೆಳಗೆ, ತೊಗಟೆ ಗಟ್ಟಿಯಾಗಿ ಉಳಿದಿರುವ ಕಡೆ, ಹರಿತವಾದ ಗರಗಸದಿಂದ ಓರೆಯಾಗಿ ಕೊಯ್ಯಿರಿ. ನೆಲದಿಂದ ನಾಲ್ಕು ಬೆರಳು ತೊಗಟೆ ಉಳಿದಿದ್ದರೂ ಸಾಕು. ಮೂರು ನಾಲ್ಕು ವಾರದಲ್ಲಿ ಬೊಡ್ಡೆಯಿಂದ ಚಿಗುರು ಬರುವ ಸಾಧ್ಯತೆ ಚೆನ್ನಾಗಿದೆ. ನೆಲ ಒಣಗಿದ್ದರೆ ಒಂದೆರಡು ಸಲ ನೀರು ಕೊಡಿ.

ತಡ ಮಾಡಬೇಡಿ ಎನ್ನಲು ಕಾರಣ ಇದೆ. ನೀರು ಬೇರಿನಿಂದ ಮೇಲೆ ಹೋಗುವುದು ಒಳಗಿನ ಕಟ್ಟಿಗೆಯ ಮೂಲಕ. ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯುವುದು ತೊಗಟೆಯ ಒಳಪದರದ ಮೂಲಕ. ಮೇಕೆ ಸುಲಿದದ್ದು ಈ ಎರಡನೇ ದಾರಿಯನ್ನು. ಅದಕ್ಕೇ ಗಿಡ ಒಂದೇ ದಿನಕ್ಕೆ ಒಣಗುವುದಿಲ್ಲ. ಮೇಲೆ ನೀರು ಹೋಗುತ್ತಲೇ ಇರುತ್ತದೆ, ಎಲೆ ಹಸಿರಾಗಿಯೇ ಕಾಣುತ್ತದೆ, ಕೆಳಗೆ ಬೇರು ಮಾತ್ರ ಕೂಡಿಟ್ಟ ಗಂಜಿಯನ್ನು ಕರಗಿಸಿಕೊಂಡು ಉಪವಾಸ ಬೀಳುತ್ತಿರುತ್ತದೆ. ಆ ದಾಸ್ತಾನು ಮುಗಿಯುವ ಮೊದಲು ಕೊಯ್ದರೆ, ಉಳಿದದ್ದು ಹೊಸ ಚಿಗುರಿಗೆ ಸಿಗುತ್ತದೆ. ಸುತ್ತಳತೆಯಲ್ಲಿ ಅರ್ಧಕ್ಕಿಂತ ಜಾಸ್ತಿ ತೊಗಟೆ ಉಳಿದ ಗಿಡಗಳನ್ನು ಮುಟ್ಟಬೇಡಿ. ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ.

ಸರ್ವೆಯ ಮೇಲೆ ಮಾತ್ರ ಈ ಆಸೆ ಬೇಡ. ಸಾಮಾನ್ಯ ಸರ್ವೆ ಬೊಡ್ಡೆಯಿಂದ ಸರಿಯಾಗಿ ಚಿಗುರುವುದಿಲ್ಲ. ಸುತ್ತಲೂ ಸುಲಿದಿದ್ದರೆ ಅದು ಹೋದ ಹಾಗೆಯೇ. ಕಡಿದು ಒಣಗಿಸಿ. ಸೌದೆಯಾಗಿ ಅದು ಒಳ್ಳೆಯದೇ.

ಇನ್ನು ಮೇಕೆಯ ವಿಷಯ. "ಬಾಯಿಗೆ ಎಟುಕುವುದಿಲ್ಲ" ಎಂಬ ನಿಮ್ಮ ಲೆಕ್ಕ ಎಲೆಗೆ ಸರಿ ಇತ್ತು, ತೊಗಟೆಗೆ ಅಲ್ಲ. ಮೇಕೆ ಹುಲ್ಲು ಮೇಯುವುದಕ್ಕಿಂತ ಸೊಪ್ಪು ತರಿಯುವುದಕ್ಕೆ ಹೆಚ್ಚು ಹೊಂದಿಕೊಂಡ ಪ್ರಾಣಿ. ಹಿಂಗಾಲಿನ ಮೇಲೆ ನಿಂತರೆ ಐದಾರು ಅಡಿವರೆಗೂ ಬಾಯಿ ಹಾಕುತ್ತದೆ. ಎಲೆ ಸಿಗದಿದ್ದರೆ ಕಾಂಡಕ್ಕೆ ಬರುತ್ತದೆ. ಎಳೆಯ ಸುಬಾಬುಲ್‌ನ ತೊಗಟೆ ತೆಳುವು, ಸಿಹಿ, ರಸ ತುಂಬಿದ್ದು. ಕೆಳಹಲ್ಲನ್ನು ಕಚ್ಚಿಸಿ ತಲೆ ಮೇಲಕ್ಕೆ ಎಳೆದರೆ ರಿಬ್ಬನ್ನಿನ ಹಾಗೆ ಉದ್ದಕ್ಕೆ ಕಿತ್ತು ಬರುತ್ತದೆ. ಒಂದು ಮೇಕೆ ಶುರು ಮಾಡಿದರೆ ಉಳಿದವು ನೋಡಿ ಕಲಿಯುತ್ತವೆ. ಉಪ್ಪಿನ, ಖನಿಜದ ಕೊರತೆಯಿಂದ ಹೀಗೆ ಮಾಡುತ್ತವೆ ಎಂದು ಹೇಳುವವರಿದ್ದಾರೆ. ಸ್ವಲ್ಪ ನಿಜ. ನೆಕ್ಕುವ ಇಟ್ಟಿಗೆ ಕಟ್ಟಿದರೆ ಸುಲಿಯುವುದು ಕಡಿಮೆಯಾಗಬಹುದು, ನಿಲ್ಲುವುದಿಲ್ಲ. ಕಾಂಡಕ್ಕೆ ಸಗಣಿ ಬಳಿಯುವುದೂ ಹಾಗೆಯೇ, ಮಳೆ ಬರುವ ತನಕ ಮಾತ್ರ. ಮರ ಎಷ್ಟು ಎತ್ತರ ಆದ ಮೇಲೆ ಮೇಕೆ ಬಿಡಬಹುದು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಎತ್ತರ ನೋಡಬೇಡಿ. ಸೌದೆ ತೋಪಿನೊಳಗೆ ಮೇಕೆ ಬಿಡಲೇಬೇಡಿ. ಸೊಪ್ಪು ಮೇಕೆಯ ಹತ್ತಿರ ಹೋಗಲಿ, ಮೇಕೆ ಸೊಪ್ಪಿನ ಹತ್ತಿರ ಬರುವುದು ಬೇಡ.

ಹಾಗೆಂದು "ಮೇಕೆ ಇದ್ದವರು ಮರದ ಆಸೆ ಬಿಡಬೇಕು" ಎಂಬುದನ್ನು ನಾನು ಒಪ್ಪುವುದಿಲ್ಲ. ಮೇಕೆ ಸಾಕುವವರಿಗೇ ಮರ ಜಾಸ್ತಿ ಬೇಕು. ನಿಮ್ಮ ಯೋಜನೆಯಲ್ಲಿ ಎಡವಿದ ಜಾಗ ಬೇರೆ ಇದೆ. ಅದನ್ನು ನಿಮ್ಮ ಪ್ರಶ್ನೆಯ ಒಂದೇ ಸಾಲಿನಲ್ಲಿ ನೀವೇ ಹೇಳಿದ್ದೀರಿ: "ಸೌದೆಗೂ ಆಯ್ತು, ಸೊಪ್ಪೂ ಆಯ್ತು."

ಒಂದೇ ಜಾತಿಯ ಮರ ಎರಡನ್ನೂ ಕೊಡುತ್ತದೆ, ಸರಿ. ಆದರೆ ಒಂದೇ ಮರ ಒಟ್ಟಿಗೆ ಎರಡನ್ನೂ ಹೊಟ್ಟೆ ತುಂಬ ಕೊಡುವುದಿಲ್ಲ. ಸೊಪ್ಪಿಗೆ ಬೇಕೆಂದರೆ ಎರಡು ಮೂರು ತಿಂಗಳಿಗೊಮ್ಮೆ ಕೊಯ್ಯಬೇಕು. ಆಗ ಎಲೆ ಎಳೆಯದಾಗಿರುತ್ತದೆ, ಕಡ್ಡಿ ಬೆರಳು ಗಾತ್ರ ಮೀರುವುದಿಲ್ಲ. ಆ ಕಡ್ಡಿ ಒಲೆ ಹಚ್ಚಲು ಪುಳ್ಳೆಯಾದೀತು, ಅಡುಗೆ ಮುಗಿಯುವವರೆಗೆ ಉರಿಯದು. ಸೌದೆ ಬೇಕೆಂದರೆ ಒಂದೂವರೆ ಎರಡು ವರ್ಷ ಕೊಂಬೆಯನ್ನು ಮುಟ್ಟದೆ ಬಿಡಬೇಕು. ಮಣಿಕಟ್ಟಿನ ಗಾತ್ರ ಬರಬೇಕು. ಅಷ್ಟು ಹೊತ್ತಿಗೆ ಎಲೆ ಬಲಿತು ತುದಿಗೆ ಹೋಗಿರುತ್ತದೆ. ಪ್ರತಿ ಸಲ ಎಲೆ ಕೊಯ್ದಾಗ ಮರ ಕಟ್ಟಿಗೆ ಕಟ್ಟುವುದನ್ನು ಬಿಟ್ಟು ಮತ್ತೆ ಎಲೆ ಕಟ್ಟಲು ಹೊರಡುತ್ತದೆ. ಅದಕ್ಕೇ ಮರಗಳನ್ನು ಎರಡು ಪಾಲು ಮಾಡಿ. ಇವು ಸೊಪ್ಪಿನವು, ಅವು ಸೌದೆಯವು. ಬೇಕಿದ್ದರೆ ಸೌದೆ ಮರಕ್ಕೆ ಸುಣ್ಣದ ಪಟ್ಟೆ ಬಳಿಯಿರಿ. ಸೊಪ್ಪಿಗೆ ಹೋದವರು, ಅದರಲ್ಲೂ ಅವಸರದಲ್ಲಿ ಹೋದವರು, ಎದುರು ಸಿಕ್ಕ ಮರವನ್ನು ಕೊಯ್ದು ಬರುತ್ತಾರೆ. ಪಟ್ಟೆ ಕಂಡರೆ ಕೈ ತಡೆಯುತ್ತದೆ.

ಕೊಯ್ಯುವ ಎತ್ತರವೂ ಎರಡಕ್ಕೆ ಬೇರೆ. ಸೊಪ್ಪಿನ ಮರವನ್ನು ಸೊಂಟದೆತ್ತರಕ್ಕೆ ಸವರಿದರೆ ನಿಂತಲ್ಲೇ ಕುಡುಗೋಲಿನಲ್ಲಿ ಕೊಯ್ಯಬಹುದು. ಸೌದೆ ಮರವನ್ನು ಆರೂವರೆ ಏಳಡಿಗೆ ಕಡಿಯಿರಿ. ಹೊಸ ಚಿಗುರು ಅಲ್ಲಿಂದ ಹೊರಡುತ್ತದೆ. ತಪ್ಪಿಸಿಕೊಂಡ ಮೇಕೆಗೂ, ಆಚೆ ಈಚೆ ಓಡಾಡುವ ದನಕ್ಕೂ ಎಟುಕುವುದಿಲ್ಲ. ಚಿಗುರು ಮೊಳದುದ್ದ ಆದಾಗ ಮರಕ್ಕೆ ನಾಲ್ಕೈದು ಗಟ್ಟಿ ಚಿಗುರು ಬಿಟ್ಟು ಉಳಿದದ್ದನ್ನು ಮುರಿದು ಮೇಕೆಗೆ ಹಾಕಿ.

"ಕಡಿದರೆ ಮರ ಸಾಯುತ್ತದೆ" ಎಂಬ ಭಯ ಹಲವರಿಗಿದೆ. ಚಿಗುರುವ ಜಾತಿಯಾದರೆ ಕಡಿತದಿಂದ ಸಾಯುವುದು ಅಪರೂಪ. ಅದನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಮನೆಯವರಿಗೆ ಇಡೀ ಸಾಲನ್ನು ಒಂದೇ ದಿನ, ನೆಲಮಟ್ಟಕ್ಕೆ ಕಡಿಸಿದ್ದೆ. ಚಿಗುರು ಚೆನ್ನಾಗಿಯೇ ಬಂತು. ಬಂದ ಚಿಗುರನ್ನು ಮೇಕೆಗಳು ತಿಂದವು. ಮತ್ತೆ ಬಂತು, ಮತ್ತೆ ತಿಂದವು. ಮೂರನೇ ಸಲದ ಚಿಗುರು ನೂಲಿನಷ್ಟು ತೆಳ್ಳಗಿತ್ತು. ಆಮೇಲೆ ಬರಲೇ ಇಲ್ಲ. ಪ್ರತಿ ಚಿಗುರೂ ಬೇರು ಕೂಡಿಟ್ಟ ಆಹಾರದಿಂದ ಮಾಡಿದ ಸಾಲ. ಎಲೆ ಬಿಚ್ಚಿ ಬಿಸಿಲು ಕಂಡು ಆ ಸಾಲ ತೀರಿಸುವ ಮೊದಲೇ ಬಾಯಿ ಹಾಕಿದರೆ ಬೇರು ದಿವಾಳಿ. ಅರವತ್ತು ಮರ ಹೋದವು. ಆ ಮನೆಯ ಅಜ್ಜಿ ನನಗೆ ಏನೂ ಅನ್ನಲಿಲ್ಲ, ಬೊಡ್ಡೆಗಳನ್ನು ಅಗೆಸಿ ಸುಮ್ನೆ ಒಲೆಗೆ ಹಾಕಿದರು. ಬೈದಿದ್ದರೆ ವಾಸಿ ಅನ್ನಿಸಿತ್ತು.

ಯಾವಾಗ ಕಡಿಯಬೇಕು ಎನ್ನುವುದರಲ್ಲಿ ಒಂದು ಹಗ್ಗಜಗ್ಗಾಟ ಇದೆ. ಮರದ ದೃಷ್ಟಿಯಿಂದ ಮಳೆಗೆ ಸ್ವಲ್ಪ ಮುಂಚೆ ಕಡಿಯುವುದು ಒಳ್ಳೆಯದು. ಚಿಗುರು ಹೊರಡುವಾಗ ನೀರು ಸಿಗುತ್ತದೆ. ಸೌದೆಯ ದೃಷ್ಟಿಯಿಂದ ಅದು ಕೆಟ್ಟ ಹೊತ್ತು. ಹಸಿ ಕಟ್ಟಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ನಾನು ಹೇಳುವುದು ಮಳೆಗೆ ಆರರಿಂದ ಎಂಟು ವಾರ ಮುಂಚೆ. ಮಣಿಕಟ್ಟಿನ ಗಾತ್ರದ್ದನ್ನು ಸೀಳಿ ಹರಡಿದರೆ ಬಿಸಿಲಿಗೆ ಅಷ್ಟರಲ್ಲಿ ಹೆಚ್ಚುಕಡಿಮೆ ಒಣಗಿರುತ್ತದೆ. ಎಲ್ಲ ಸೌದೆ ಮರಗಳನ್ನೂ ಒಂದೇ ವರ್ಷ ಕಡಿಯಬೇಡಿ. ಈ ವರ್ಷ ಅರ್ಧ, ಮುಂದಿನ ವರ್ಷ ಇನ್ನರ್ಧ.

ಸೊಪ್ಪಿನ ಮರಕ್ಕೆ ಲೆಕ್ಕ ತಿರುಗುಮುರುಗು. ನಿಮಗೆ ಸೊಪ್ಪು ತೀರಾ ಬೇಕಾಗುವುದು ಬೇಸಿಗೆಯಲ್ಲಿ ಅಲ್ವಾ? ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡ, ಒಣ ತಿಂಗಳುಗಳಲ್ಲಿ ಎಲೆ ಉದುರಿಸಿ ಹೂ ಬಿಡುತ್ತದೆ. ಮಳೆ ನಿಲ್ಲುವ ಹೊತ್ತಿಗೆ ಒಮ್ಮೆ ಸವರಿಬಿಟ್ಟರೆ ಹೊಸ ಚಿಗುರಿನ ಎಲೆ ಬೇಸಿಗೆಯೊಳಕ್ಕೆ ಹೆಚ್ಚು ದಿನ ನಿಲ್ಲುತ್ತದೆ. ಇಷ್ಟು ಮಾಡಿದರೆ ಕಷ್ಟದ ಒಂದೆರಡು ತಿಂಗಳು ದಾಟಿಸಬಹುದು.

ಜಾತಿಯ ಮಾತು ಬಂತು. ಚೆನ್ನಾಗಿ ಚಿಗುರುವ ಸುಬಾಬುಲ್ ನಿಮ್ಮಲ್ಲಿ ಈಗಾಗಲೇ ಇದೆ. ಅದರ ಜೊತೆ ಗ್ಲಿರಿಸಿಡಿಯಾ ಸೇರಿಸಿ. ಎರಡೂ ಗಾಳಿಯ ಸಾರಜನಕವನ್ನು ಬೇರಿಗೆ ಕಟ್ಟುತ್ತವೆ. ಒಂದೇ ಜಾತಿಯನ್ನು ನಂಬಬೇಡಿ ಎನ್ನಲು ಒಂದು ಹಳೆಯ ಪಾಠ ಇದೆ. 1980ರ ದಶಕದಲ್ಲಿ ಅಮೆರಿಕ ಖಂಡದ ಕಡೆಯಿಂದ ಹೊರಟ ಒಂದು ಚಿಗುರು ಹೇನು ಕೆಲವೇ ವರ್ಷಗಳಲ್ಲಿ ಪೆಸಿಫಿಕ್ ದಾಟಿ ಏಷ್ಯಾದ ಸುಬಾಬುಲ್ ತೋಪುಗಳಿಗೆ ನುಗ್ಗಿತು. ಬರೀ ಸುಬಾಬುಲ್ ನಂಬಿದ್ದವರ ಸೊಪ್ಪು ಒಂದೇ ಏಟಿಗೆ ಹೋಯಿತು. ಇನ್ನೊಂದು ಎಚ್ಚರ: ಸುಬಾಬುಲ್ ಕಾಯಿ ಬಲಿತು ಸಿಡಿಯಲು ಬಿಟ್ಟರೆ ತೋಟದ ತುಂಬ ಕಳೆಯಾಗಿ ಏಳುತ್ತದೆ. ಹಸಿ ಕಾಯಿ ಇರುವಾಗಲೇ ಕೊಯ್ದುಬಿಡಿ.

ಗ್ಲಿರಿಸಿಡಿಯಾವನ್ನು ಗೂಟದಿಂದ ಹಾಕುವುದು ಸುಲಭ. ಕಂದು ತೊಗಟೆ ಬಂದ, ಎಂಟು ತಿಂಗಳು ದಾಟಿದ, ಹೆಬ್ಬೆರಳಿಗಿಂತ ದಪ್ಪದ ಕೊಂಬೆ ಆರಿಸಿ. ಐದಾರು ಅಡಿ ಉದ್ದ, ಬುಡ ಓರೆ. ಒಂದೂವರೆ ಅಡಿ ಆಳಕ್ಕೆ ಊರಿ ಮಣ್ಣು ಗಟ್ಟಿಯಾಗಿ ತುಳಿಯಿರಿ. ಹಸಿರು ಎಳೆ ಕೊಂಬೆ ಊರಿದರೆ ಕೊಳೆಯುತ್ತದೆ. ಗೂಟದ ಮರಕ್ಕೆ ಬೇರು ಮೇಲೆ ಮೇಲೆ ಹರಡುತ್ತದೆ, ಜೋರು ಗಾಳಿಗೆ ಬೀಳಬಹುದು. ಬೀಜದಿಂದ ಬಂದದ್ದು ಆಳಕ್ಕೆ ಇಳಿಯುತ್ತದೆ. ನೀರು ಕಡಿಮೆ ಇರುವ ಕಡೆ ಬೀಜದ ಸಸಿಯೇ ಮೇಲು.

ಮೊದಮೊದಲು ಮೇಕೆಗಳು ಈ ಸೊಪ್ಪನ್ನು ಮೂಸಿ ಮುಖ ತಿರುಗಿಸುತ್ತವೆ. ವಾಸನೆಗೆ. "ನಮ್ಮ ಮೇಕೆ ತಿನ್ನಲ್ಲ" ಎಂದು ಮೂರನೇ ದಿನಕ್ಕೆ ಕೈಬಿಟ್ಟವರನ್ನು ಬಹಳ ನೋಡಿದ್ದೇನೆ. ಹಿಂದಿನ ದಿನ ಕೊಯ್ದು ನೆರಳಲ್ಲಿ ಬಾಡಿಸಿ, ಅವು ಇಷ್ಟಪಡುವ ಮೇವಿಗೆ ಒಂದು ಹಿಡಿ ಬೆರೆಸಿ, ದಿನಾ ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗಿ. ಎರಡು ವಾರ ಬೇಕು. ಹಳೆ ಮೇಕೆಗಳು ಒಗ್ಗಿಕೊಂಡರೆ ಮರಿಗಳು ತಾಯಿಯನ್ನು ನೋಡಿ ಕಲಿಯುತ್ತವೆ. ಇದು ಮೆಲುಕು ಹಾಕುವ ಪ್ರಾಣಿಗಳ ಮೇವು. ಕುದುರೆಗೆ ಹಾಕಬೇಡಿ. ಗ್ಲಿರಿಸಿಡಿಯಾ ಎಂಬ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಎಂದು. ಅದರ ಬೀಜ, ತೊಗಟೆಯನ್ನು ಇಲಿಪಾಷಾಣವಾಗಿ ಬಳಸುತ್ತಿದ್ದರು.

ಕೂದಲು ಉದುರುವ ಮಾತು ಸುಳ್ಳಲ್ಲ. ಸುಬಾಬುಲ್ ಎಲೆಯಲ್ಲಿ ಮಿಮೋಸಿನ್ ಎಂಬ ವಸ್ತು ಇದೆ. ಜಾಸ್ತಿ ತಿಂದರೆ ಕೂದಲಿನ ಬೇರಿಗೆ ಪೆಟ್ಟು. ಅದು ಹೊಟ್ಟೆಯಲ್ಲಿ ಒಡೆದಾಗ ಹುಟ್ಟುವ ಇನ್ನೊಂದು ವಸ್ತು ಥೈರಾಯಿಡ್ ಗ್ರಂಥಿಯನ್ನು ಕೆಡಿಸುತ್ತದೆ. ಪ್ರಾಣಿ ಮಂಕಾಗಿ, ತೂಕ ಇಳಿದು, ಕುತ್ತಿಗೆ ಊದಿಕೊಳ್ಳಬಹುದು. ಇದರ ಹಿಂದೊಂದು ಸ್ವಾರಸ್ಯದ ಕಥೆ ಇದೆ. ಆಸ್ಟ್ರೇಲಿಯಾದಲ್ಲಿ ಸುಬಾಬುಲ್ ತಿಂದ ದನಗಳು ಕಾಯಿಲೆ ಬೀಳುತ್ತಿದ್ದವು. ಹವಾಯಿಯ ಮೇಕೆಗಳು ಅದನ್ನೇ ತಿಂದು ಗುಂಡಗಿದ್ದವು. ವ್ಯತ್ಯಾಸ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಯಲ್ಲಿದೆ ಎಂದು ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಕಂಡುಕೊಂಡರು. 1980ರ ದಶಕದ ಆರಂಭದಲ್ಲಿ ಹವಾಯಿಯ ಮೇಕೆಗಳ ಹೊಟ್ಟೆಯ ಬ್ಯಾಕ್ಟೀರಿಯಾವನ್ನು ಆಸ್ಟ್ರೇಲಿಯಾದ ದನಗಳಿಗೆ ದಾಟಿಸಿದಾಗ ಅವೂ ಸೊಪ್ಪನ್ನು ಅರಗಿಸಿಕೊಂಡವು. 1992ರಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟೀಸ್ ಜೋನ್ಸಿಯೈ ಎಂದು ಹೆಸರಿಟ್ಟರು. ನಿಮ್ಮ ಮೇಕೆಗಳ ಹೊಟ್ಟೆಯಲ್ಲಿ ಏನಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ದಿನದ ಮೇವಿನಲ್ಲಿ ಸುಬಾಬುಲ್ ಮೂರರಲ್ಲಿ ಒಂದು ಪಾಲು ಮೀರದಿರಲಿ. ಗಬ್ಬದ ಮೇಕೆಗೆ ಇನ್ನೂ ಕಡಿಮೆ. ಹಂದಿ, ಮೊಲಗಳಿಗೆ ಆ ಹೊಟ್ಟೆಯ ವ್ಯವಸ್ಥೆ ಇಲ್ಲ, ಅವುಗಳ ಕೂದಲು ಬೇಗ ಉದುರುತ್ತದೆ.

ನೀಲಗಿರಿ ಬೇಡವೇ ಬೇಡ ಎನ್ನಲಾರೆ. ಚೆನ್ನಾಗಿ ಚಿಗುರುತ್ತದೆ, ಸೌದೆ ಗಟ್ಟಿ, ಮೇಕೆ ಮೂಸುವುದಿಲ್ಲ. ಆದರೆ ಎರಡೂವರೆ ಎಕರೆಯಲ್ಲಿ ಮೇವೂ ಕೊಡದ, ಪಕ್ಕದ ಬೆಳೆಯ ನೀರನ್ನೂ ಎಳೆಯುವ ಮರಕ್ಕೆ ಎಲ್ಲಿದೆ ಜಾಗ? ಪ್ರಾಣಿ ತಿನ್ನದ್ದೇ ಬೇಕು ಎಂದು ಬೇಲಿಗೆ ಕಣಗಿಲೆ ಹಾಕುವವರೂ ಇದ್ದಾರೆ. ಅದಂತೂ ಸುತರಾಂ ಬೇಡ. ಬೇಲಿ ಸವರಿ ಬಿಸಾಕಿದ ಬಾಡಿದ ಎಲೆ ಒಂದು ಹಿಡಿ ಹೊಟ್ಟೆಗೆ ಹೋದರೆ ಹಸು ಸಾಯುತ್ತದೆ. ಅದನ್ನು ಒಲೆಗೂ ಹಾಕಬಾರದು, ಹೊಗೆಯೂ ವಿಷ. ಲಂಟಾನವೂ ಪ್ರಾಣಿಯ ಯಕೃತ್ತನ್ನು ಕೆಡಿಸುತ್ತದೆ.

ಈಗ ಲೆಕ್ಕ. ಸೌದೆಯಿಂದ ಶುರು ಮಾಡೋಣ. ನಿಮಗೆ ಎಷ್ಟು ಬೇಕು ಎಂದು ನಾನು ಹೇಳುವುದಕ್ಕಿಂತ ನೀವೇ ತೂಗುವುದು ವಾಸಿ. ಒಂದು ವಾರ ಬೆಳಿಗ್ಗೆ ಒಲೆಯ ಪಕ್ಕ ಸೌದೆ ತೂಗಿ ಇಡಿ, ರಾತ್ರಿ ಉಳಿದದ್ದನ್ನು ತೂಗಿ ಕಳೆಯಿರಿ. ಐದು ಜನರ ಮನೆಯಲ್ಲಿ ಅಡುಗೆಗೆ ದಿನಕ್ಕೆ 5 ಕೆಜಿ ಆಗುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,825 ಕೆಜಿ. ಸ್ನಾನದ ನೀರು ಕಾಯಿಸುವುದು ಸೇರಿದರೆ ಇನ್ನೂ ಜಾಸ್ತಿ. ಸೌದೆ ಮರಗಳು ಬೇಲಿ ಸಾಲಿನಲ್ಲಿ ನಿಲ್ಲಲಿ. ಅಲ್ಲಿ ಹೊಂದಿಕೊಂಡ ಒಂದು ಮರ ವರ್ಷಕ್ಕೆ ಸರಾಸರಿ 3 ಕೆಜಿ ಒಣ ಸೌದೆ ಕೊಡುತ್ತದೆ ಎಂದು ನಾನು ಹಿಡಿತದಲ್ಲೇ ಲೆಕ್ಕ ಹಾಕುತ್ತೇನೆ. ನೆಲ, ನೀರು ಚೆನ್ನಾಗಿದ್ದರೆ ಐದೂ ಬರಬಹುದು. ಮೂರರ ಲೆಕ್ಕದಲ್ಲಿ 600 ಮರ ಬೇಕು. ನಿಮ್ಮ ಎರಡೂವರೆ ಎಕರೆ ಅಂದರೆ ಸುಮಾರು ಒಂದು ಹೆಕ್ಟೇರ್. ಚೌಕಾಕಾರ ಇದ್ದರೆ ಸುತ್ತಳತೆ 400 ಮೀಟರ್. ಗೇಟು, ಮನೆ ಮುಂದಿನ ಜಾಗ ಬಿಟ್ಟರೆ ಮೀಟರಿಗೊಂದರಂತೆ 300ರಿಂದ 350 ಮರ ನಿಲ್ಲುತ್ತದೆ. ಬೇಕಾದದ್ದರಲ್ಲಿ ಅರ್ಧದ ಹತ್ತಿರ.

ಉಳಿದರ್ಧಕ್ಕೆ ನೆಲ ಹುಡುಕುವ ಮೊದಲು ಹಸುಗಳ ಕಡೆ ನೋಡಿ. ಬೆರಣಿ ಸಲಹೆ ಕೊಟ್ಟವರು ಅರ್ಧ ದಾರಿ ತೋರಿಸಿದ್ದಾರೆ. ಬೆರಣಿ ಉರಿಯುತ್ತದೆ, ಜೊತೆಗೆ ಹೊಲಕ್ಕೆ ಹೋಗಬೇಕಾದ ಸಾರಜನಕವೂ ಹೊಗೆಯಲ್ಲಿ ಹೋಗುತ್ತದೆ, ಅಡುಗೆಮನೆ ಹೊಗೆಗೂಡಾಗುತ್ತದೆ. ಅದೇ ಸಗಣಿ ಗೋಬರ್ ಗ್ಯಾಸ್ ಗುಂಡಿಗೆ ಹೋದರೆ ಉರಿಯೂ ಸಿಗುತ್ತದೆ, ಬಗ್ಗಡದಲ್ಲಿ ಗೊಬ್ಬರವೂ ಉಳಿಯುತ್ತದೆ. ಒಂದು ಕೆಜಿ ಹಸಿ ಸಗಣಿಯಿಂದ 35-40 ಲೀಟರ್ ಅನಿಲ. ಕೊಟ್ಟಿಗೆಯಲ್ಲೇ ಇರುವ ಎರಡು ಹಸು ದಿನಕ್ಕೆ 20 ಕೆಜಿ ಸಗಣಿ ಕೊಟ್ಟರೆ 700-800 ಲೀಟರ್. ಒಬ್ಬರ ಅಡುಗೆಗೆ ದಿನಕ್ಕೆ ಸುಮಾರು 240 ಲೀಟರ್ ಬೇಕು. ಅಂದರೆ ಮೂರು ಜನರ ಅಡುಗೆ ಅಲ್ಲಿ ಮುಗಿಯಿತು. ಸೌದೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ನಿಮ್ಮ ಬೇಲಿ ಮರ ಸಾಕಾಗುತ್ತದೆ.

ತೊಡಕು ಇಲ್ಲ ಎಂದಲ್ಲ. ಹಸು ಹಗಲೆಲ್ಲ ಹೊರಗೆ ಮೇಯುತ್ತಿದ್ದರೆ ಕೈಗೆ ಸಿಗುವ ಸಗಣಿ ಅರ್ಧ. ಸಗಣಿಯಷ್ಟೇ ನೀರು ದಿನಾ ಕಲೆಸಬೇಕು, ಹತ್ತಿರದಲ್ಲಿ ನೀರಿಲ್ಲದಿದ್ದರೆ ಆರು ತಿಂಗಳಿಗೆ ಬೇಸರ ಬರುತ್ತದೆ. ಚಳಿಯಲ್ಲಿ ಅನಿಲ ಕಡಿಮೆ. ಮೇಕೆ ಹಿಕ್ಕೆಯನ್ನು ಹಾಗೇ ಸುರಿಯಬೇಡಿ, ತೇಲಿ ಮೇಲೆ ಕೆನೆಗಟ್ಟುತ್ತದೆ. ಅದು ನೇರ ಗೊಬ್ಬರದ ಗುಂಡಿಗೆ ಹೋಗಲಿ. ಒಂದು ಹಸು ಕೊಡುವ ಯೋಚನೆ ಇದ್ದರೆ ಗುಂಡಿ ತೋಡಿಸುವ ಮೊದಲೇ ಕೊಟ್ಟುಬಿಡಿ. ಹಸಿವಾದ ಗುಂಡಿಗಿಂತ ಸೌದೆ ಒಲೆಯೇ ಮೇಲು.

ಸೊಪ್ಪಿನ ಲೆಕ್ಕ ಸುಲಭ. 30 ಕೆಜಿ ತೂಗುವ ಮೇಕೆಗೆ ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು 1 ಕೆಜಿ ಮೇವು ಬೇಕು. ಅದರಲ್ಲಿ ಮೂರರಲ್ಲೊಂದು ಪಾಲು ಮರದ ಸೊಪ್ಪು ಎಂದರೆ ಹಸಿಯಾಗಿ ಒಂದೂಕಾಲು ಕೆಜಿ. ಎಂಟು ಮೇಕೆಗೆ ದಿನಕ್ಕೆ 10 ಕೆಜಿ, ವರ್ಷಕ್ಕೆ 3,650. ಒಂದು ಸೊಪ್ಪಿನ ಮರದಿಂದ ನಾಲ್ಕೈದು ಕೊಯ್ಲಿಗೆ 8 ಕೆಜಿ ಬಂದರೆ 450 ಮರ. ಸಾಲಿನಿಂದ ಸಾಲಿಗೆ 2 ಮೀಟರ್, ಗಿಡದಿಂದ ಗಿಡಕ್ಕೆ 1 ಮೀಟರ್ ಇಟ್ಟರೆ 900 ಚದರ ಮೀಟರ್. ಕಾಲು ಎಕರೆಯೊಳಗೆ ಮುಗಿಯಿತು. ಬದುಕಿಕೊಳ್ಳುವ ಸುಬಾಬುಲ್‌ಗಳೇ ಇದರ ಶುರು. ಹಸುಗಳಿಗೂ ಈ ಸೊಪ್ಪು ಬೇಕೆಂದರೆ ಜಾಗ ಇಮ್ಮಡಿಯಾಗುತ್ತದೆ. ಮೊದಲ ವರ್ಷ ಆ ಆಸೆ ಬೇಡ.

ಸೊಪ್ಪನ್ನು ನೆಲಕ್ಕೆ ಹಾಕಬೇಡಿ. ಕಟ್ಟು ಕಟ್ಟಿ ಮೇಕೆಯ ತಲೆಗಿಂತ ಸ್ವಲ್ಪ ಮೇಲೆ ನೇತುಹಾಕಿ. ತುಳಿದದ್ದನ್ನು ಅವು ತಿನ್ನುವುದಿಲ್ಲ ಎಂಬುದು ಒಂದು ಕಾರಣ. ಹೊಟ್ಟೆಹುಳುವಿನ ಮರಿಗಳು ಇರುವುದು ನೆಲಕ್ಕಂಟಿದ ಹುಲ್ಲಿನಲ್ಲಿ, ಎತ್ತರದ ಸೊಪ್ಪಿನಲ್ಲಿ ಅಲ್ಲ ಎಂಬುದು ಇನ್ನೊಂದು. ಬೆಳಿಗ್ಗೆ ನೋಡಿದರೆ ಆ ಕಟ್ಟಿನಲ್ಲಿ ಬೆಳ್ಳಗೆ ಹೊಳೆಯುವ ಕಡ್ಡಿಗಳಷ್ಟೇ ಉಳಿದಿರುತ್ತವೆ. ಎಲೆಯಿಲ್ಲ, ತೊಗಟೆಯ ಒಂದು ಎಳೆಯೂ ಇಲ್ಲ. ತೊಗಟೆ ಇಲ್ಲದ ಕಡ್ಡಿ ಬೇಗ ಒಣಗುತ್ತದೆ. ಒಲೆ ಹಚ್ಚಲು ಅದಕ್ಕಿಂತ ಒಳ್ಳೆಯ ಪುಳ್ಳೆ ಸಿಗದು. ತೋಪು ಹಾಳು ಮಾಡಿದ ಅದೇ ಹಲ್ಲು ಇಲ್ಲಿ ಕೆಲಸಕ್ಕೆ ಬರುತ್ತದೆ.

ಸೌದೆ ಎಷ್ಟು ಬೆಳೆದಿರಿ ಎನ್ನುವಷ್ಟೇ ಮುಖ್ಯ ಎಷ್ಟು ಒಣಗಿಸಿದಿರಿ ಎನ್ನುವುದು. ಹೊಸದಾಗಿ ಕಡಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅಂದರೆ ಉರಿಯುವ ಕಟ್ಟಿಗೆ ಉಳಿದರ್ಧ ಮಾತ್ರ, ಅದರ ಶಾಖದಲ್ಲೂ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಚೆನ್ನಾಗಿ ಒಣಗಿದ ಒಂದು ಕೆಜಿ ಕೊಡುವ ಶಾಖದ ಅರ್ಧದಷ್ಟನ್ನು ಮಾತ್ರ ಹಸಿಯ ಒಂದು ಕೆಜಿ ಕೊಡುತ್ತದೆ. ಯಾವ ಮರದ ಸೌದೆ ಒಳ್ಳೆಯದು ಎಂದು ಜನ ವಾದ ಮಾಡುತ್ತಾರೆ. ಒಣಗಿದ ಮೇಲೆ ಕೆಜಿಗೆ ಕೆಜಿ ಹೋಲಿಸಿದರೆ ಹೆಚ್ಚಿನ ಮರಗಳ ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ಗಟ್ಟಿ ಮರ ಅಷ್ಟೇ ಜಾಗದಲ್ಲಿ ಹೆಚ್ಚು ತೂಗುತ್ತದೆ, ನಿಧಾನಕ್ಕೆ ಉರಿಯುತ್ತದೆ, ಅಷ್ಟೆ. ಸೀಳಿ, ನೆಲದಿಂದ ಮೇಲೆತ್ತಿ, ತಲೆಯ ಮೇಲೆ ಸೂರು, ಪಕ್ಕ ಬಯಲು ಇರುವಂತೆ ಒಟ್ಟಿ. ಕೊಟ್ಟಿಗೆ ಗೋಡೆಗೆ ಒರಗಿಸಬೇಡಿ. ಹಾವು, ಇಲಿ, ಬೆಂಕಿ ಮೂರಕ್ಕೂ ಅದು ದಾರಿ. ಒಂದು ತುಂಡಿಗೆ ಗುರುತು ಹಾಕಿ ಹದಿನೈದು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ. ತಕ್ಕಡಿ ಇಲ್ಲದಿದ್ದರೆ ಎರಡು ತುಂಡು ಬಡಿದು ನೋಡಿ. ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ.

ಇಷ್ಟೆಲ್ಲ ಮಾಡಿದವರೂ ಮೂರನೇ ನಾಲ್ಕನೇ ವರ್ಷಕ್ಕೆ "ಮರ ಸೊರಗಿತು" ಎಂದು ಕೇಳಿಕೊಂಡು ಬರುತ್ತಾರೆ. ಗಾಳಿಯಿಂದ ಬರುವುದು ಸಾರಜನಕ ಮಾತ್ರ. ಪೊಟ್ಯಾಶ್, ರಂಜಕ ನೆಲದ್ದೇ. ಸೊಪ್ಪಿನ ಜೊತೆ ಅವು ಕೊಟ್ಟಿಗೆಗೆ ಬರುತ್ತವೆ, ಗೊಬ್ಬರವೆಲ್ಲ ತರಕಾರಿ ಮಡಿಗೆ ಹೋಗುತ್ತದೆ, ಮರದ ಸಾಲಿಗೆ ಏನೂ ವಾಪಸ್ ಬರುವುದಿಲ್ಲ. ಮೇಕೆ ಗೊಬ್ಬರದಲ್ಲಿ ಒಂದು ಪಾಲನ್ನು ಆ ಕಾಲು ಎಕರೆಗೆ ಎತ್ತಿಡಿ. ಒಲೆಯ ಬೂದಿಯನ್ನೂ ತೆಳ್ಳಗೆ ಎರಚಿ. ಬೂದಿಯನ್ನು ಹಸಿ ಗೊಬ್ಬರಕ್ಕೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಬೇಲಿ ಮರಗಳ ಪಕ್ಕದ ಎರಡು ಮೂರು ಮೀಟರಿನಲ್ಲಿ ಬೆಳೆ ಸ್ವಲ್ಪ ಸೊರಗುತ್ತದೆ. ಅದನ್ನು ತಪ್ಪಿಸಲು ಒದ್ದಾಡುವ ಬದಲು ಅಲ್ಲಿ ಓಡಾಡುವ ದಾರಿ ಬಿಡಿ, ಇಲ್ಲವೇ ಹಸುವಿಗೆ ಹುಲ್ಲು ಹಾಕಿ. ಕೋಳಿಗಳನ್ನು ಮರದಡಿ ಧಾರಾಳವಾಗಿ ಬಿಡಬಹುದು. ಹಸುವನ್ನು ಮರಕ್ಕೆ ಎರಡು ವರ್ಷ ತುಂಬಿದ ಮೇಲೆ ಬಿಡಿ, ಅದು ಮೈ ಉಜ್ಜಿಕೊಂಡು ಗಿಡ ಬಾಗಿಸುತ್ತದೆ.

ಕೊನೆಗೆ ಆ ನಾಲ್ಕು ಮೇಕೆ. ಈಗ ತರಬೇಡಿ. ಎಂಟಕ್ಕೆ ಬೇಕಾದ 450 ಮರದಲ್ಲಿ ನಿಮ್ಮ ಕೈಯಲ್ಲಿ ಇರುವುದು ನೂರು ಚಿಲ್ಲರೆ, ಅದರಲ್ಲೂ ಬಹಳಷ್ಟು ಬೊಡ್ಡೆಯಿಂದ ಮತ್ತೆ ಏಳಬೇಕು. ಈ ಮಳೆಗಾಲದಲ್ಲಿ ನೆಟ್ಟದ್ದಕ್ಕೆ ಒಂದು ವರ್ಷ ಕುಡುಗೋಲು ತಾಗಿಸುವಂತಿಲ್ಲ. ಹನ್ನೆರಡು ಬಾಯಿಯಾದರೆ ಬೇಸಿಗೆಯಲ್ಲಿ ನೀವೇ ಎಳೆ ಚಿಗುರಿಗೆ ಕೈ ಹಾಕುತ್ತೀರಿ. ಮೊದಲ ಕೊಯ್ಲು ಆದ ಮೇಲಿನ ಬೇಸಿಗೆಯನ್ನು ಎಂಟು ಮೇಕೆಯ ಜೊತೆ ದಾಟಿ ನೋಡಿ. ಕೊನೆಯ ತಿಂಗಳಲ್ಲಿ ಇನ್ನೂ ಕೊಯ್ಯದ ಎರಡು ಸಾಲು ಉಳಿದಿದ್ದರೆ ಎರಡು ಮೇಕೆ ತನ್ನಿ. ನಿಮ್ಮ ಎಂಟರಲ್ಲಿ ಎಷ್ಟು ಗಬ್ಬ ಇವೆ ಎಂದು ನೀವು ಬರೆದಿಲ್ಲ. ಅದನ್ನೂ ಎಣಿಸಿಕೊಳ್ಳಿ. ಮರಿಗಳು ಬಂದರೆ ಹನ್ನೆರಡು ಆಗಲು ಹೊರಗಿನಿಂದ ತರುವುದೇ ಬೇಕಾಗಲಿಕ್ಕಿಲ್ಲ.